ಹಳೇ ಡೆಸ್ಕ್‌ಟಾಪ್ ಬದಲು ಬಾಳಿಕೆ ಬರುವ ಲ್ಯಾಪ್‌ಟಾಪ್ ಯಾವುದು?

2014ರ ಡೆಸ್ಕ್‌ಟಾಪ್, ವಿಂಡೋಸ್ 10, ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್, ಟ್ಯಾಲಿಯಲ್ಲಿ ಅಂಗಡಿ ಲೆಕ್ಕ, ಮಗಳ ಆನ್‌ಲೈನ್ ಪಾಠ. ಇಷ್ಟಕ್ಕೆ ಏಳೆಂಟು ವರ್ಷ ಬಾಳುವ ಲ್ಯಾಪ್‌ಟಾಪ್ ಯಾವುದು, ಇಂಟೆಲ್ ಪ್ರೊಸೆಸರ್ ಐ5 ತಗೊಳ್ಳಲಾ ಐ7 ತಗೊಳ್ಳಲಾ ಅಂತ ಕೇಳಿದ್ದೀರಿ.

ಐ5, ಐ7 ಚಿಂತೆ ಬಿಡಿ. ನಿಮ್ಮ ಕೆಲಸಕ್ಕೆ ಈಗಿನ ಐ3 ಕೂಡ ಧಾರಾಳ. ಪ್ರೊಸೆಸರ್ ಕೆಟ್ಟು ಲ್ಯಾಪ್‌ಟಾಪ್ ಮೂಲೆ ಸೇರಿದ್ದು ನಾನು ಕಂಡಿಲ್ಲ. ಹಿಂಜ್ (ಮುಚ್ಚಳದ ಕೀಲು) ಕಿತ್ತು ಬಂದು ಮೂಲೆ ಸೇರಿದ್ದು ನಮ್ಮ ಮನೆಯಲ್ಲೇ ಇದೆ.

ನಾನು ಸಾಗರದ ಹತ್ತಿರದ ಹಳ್ಳಿಯವನು. ಅಡಿಕೆ ಲೆಕ್ಕ, ಸಂಘದ ನೋಟಿಸು, ಊರಿನವರ ಮದುವೆ ಕಾಗದ ಎಲ್ಲ ನನ್ನ ಕಂಪ್ಯೂಟರಿನಲ್ಲೇ ಟೈಪ್ ಆಗುತ್ತದೆ. 2018ರಲ್ಲಿ ಡೆಸ್ಕ್‌ಟಾಪ್ ಬದಿಗಿಟ್ಟು ಒಂದು ಲ್ಯಾಪ್‌ಟಾಪ್ ತಂದೆ. ಕಂಪನಿ ಹೆಸರು ಬೇಡ. ತೆಳ್ಳಗೆ, ಬೆಳ್ಳಗೆ ಇತ್ತು, ಐ7 ಸ್ಟಿಕ್ಕರ್ ಬೇರೆ. ಎರಡೂವರೆ ವರ್ಷವಾಗಿತ್ತು. ಒಂದು ಬೆಳಿಗ್ಗೆ ಮುಚ್ಚಳ ಎತ್ತಿದೆ, ಎಡಗಡೆ ಮೂಲೆಯಲ್ಲಿ ಟಕ್ ಅಂತು. ಕೀಬೋರ್ಡಿನ ಅಂಚು ಅಲ್ಲೇ ಬಾಯಿ ಬಿಟ್ಟಿತು. ರಿಪೇರಿಯವರು ಬಿಚ್ಚಿ ತೋರಿಸಿದರು. ಹಿಂಜ್ ಉಕ್ಕಿನದು, ಅದಕ್ಕೆ ಏನೂ ಆಗಿರಲಿಲ್ಲ. ಆದರೆ ಅದನ್ನು ಹಿಡಿದಿಟ್ಟಿದ್ದು ಪ್ಲಾಸ್ಟಿಕ್ಕಿನಲ್ಲಿ ಕೂರಿಸಿದ ಹಿತ್ತಾಳೆ ನಟ್ಟುಗಳು, ಕಡಲೆಕಾಳಿಗಿಂತ ಚಿಕ್ಕವು. ಹಿಂಜ್ ಬರಬರುತ್ತಾ ಬಿಗಿಯಾಗಿದೆ, ನಾನು ದಿನಾ ಒಂದೇ ಮೂಲೆ ಹಿಡಿದು ಎತ್ತಿದ್ದೇನೆ, ನಟ್ಟು ಪ್ಲಾಸ್ಟಿಕ್ ಸಮೇತ ಕಿತ್ತು ಬಂದಿದೆ. ಅಂಟು ಹಾಕಿ ಕೂರಿಸಿದ್ದು ನಾಲ್ಕು ತಿಂಗಳು ಬಂತು. ಒಳಗಿನ ಐ7 ಈಗಲೂ ಚೆನ್ನಾಗಿಯೇ ಇದೆ, ಏನು ಮಾಡೋದು!

ಹಾಗಾಗಿ ಆನ್‌ಲೈನಿನಲ್ಲಿ ಕೊಂಡರೂ ಮೊದಲು ಅಂಗಡಿಗೆ ಹೋಗಿ ಅದೇ ಮಾಡೆಲ್ ಮುಟ್ಟಿ ನೋಡಿ. ಮೇಜಿನ ಮೇಲಿಟ್ಟು ಮುಚ್ಚಳದ ನಡುಮಧ್ಯಕ್ಕೆ ಒಂದೇ ಬೆರಳು ಕೊಟ್ಟು ಎತ್ತಿ. ಮುಚ್ಚಳ ನಯವಾಗಿ ಬರಬೇಕು, ಎರಡೂ ಮೂಲೆಯಲ್ಲಿ ಪ್ಲಾಸ್ಟಿಕ್ ಅಲುಗಬಾರದು. ಆಮೇಲೆ ಕೀಬೋರ್ಡಿನ ಮಧ್ಯ ಹೆಬ್ಬೆರಳಿನಿಂದ ಒತ್ತಿ. ಹಪ್ಪಳದ ಹಾಗೆ ಬಗ್ಗಿದರೆ ಬೇಡ. ಅಂಗಡಿ ಹುಡುಗ ಮುಖ ಸಿಂಡರಿಸಬಹುದು, ದುಡ್ಡು ನಿಮ್ಮದಲ್ವಾ?

ಹೀಗೆ ನೋಡುತ್ತಾ ಹೋದರೆ ನೀವೇ ಆಫೀಸುಗಳಿಗೆಂದು ಮಾಡಿದ ಸೀರೀಸ್ ಕಡೆ ಬರುತ್ತೀರಿ. ಲೆನೊವೊದಲ್ಲಿ ಥಿಂಕ್‌ಪ್ಯಾಡ್, ಎಚ್‌ಪಿಯಲ್ಲಿ ಪ್ರೊಬುಕ್, ಡೆಲ್‌ನಲ್ಲಿ ಲ್ಯಾಟಿಟ್ಯೂಡ್. (ಡೆಲ್‌ನವರು 2025ರಲ್ಲಿ ಆ ಹೆಸರು ತೆಗೆದು ಡೆಲ್ ಪ್ರೊ ಅಂತ ಮಾಡಿದ್ದಾರೆ.) ನೋಡೋಕೆ ಸಪ್ಪೆ, ಅದೇ ದುಡ್ಡಿಗೆ ಪ್ರೊಸೆಸರ್ ಒಂದು ಮೆಟ್ಟಿಲು ಕೆಳಗಿನದು ಸಿಗುತ್ತದೆ. ಆದರೆ ಬಿಚ್ಚಿ ರಿಪೇರಿ ಮಾಡೋದು ಸಲೀಸು. ಎರಡನೇ ಸಲ ನಾನು 2021ರಲ್ಲಿ ತಂದಿದ್ದು ಥಿಂಕ್‌ಪ್ಯಾಡ್ ಇ14. ಬೋರ್ಡಿಗೆ ಅಂಟಿದ 8 ಜಿಬಿ ರ‍್ಯಾಮ್ ಜೊತೆ ಒಂದು ಸ್ಲಾಟ್ ಖಾಲಿ ಇತ್ತು, ಎರಡು ವರ್ಷ ಬಿಟ್ಟು ಇನ್ನೊಂದು 8 ಹಾಕಿಸಿದೆ. ಇದನ್ನೇ ತಗೊಳ್ಳಿ ಅನ್ನುತ್ತಿಲ್ಲ. ಸ್ಲಾಟ್ ಇದೆಯಾ ಅಂತ ಕೇಳಿ ಅಷ್ಟೇ. ಈಗ ಎಷ್ಟೋ ಮಾಡೆಲ್‌ಗಳಲ್ಲಿ ರ‍್ಯಾಮ್ ಪೂರ್ತಿ ಬೆಸುಗೆ ಹಾಕಿಯೇ ಬರುತ್ತದೆ. ಅಂಥದ್ದಾದರೆ ಕೊಳ್ಳುವಾಗಲೇ 16 ಜಿಬಿ ತಗೊಳ್ಳಿ, ಆಮೇಲೆ ಕೈ ಹಿಸುಕಿಕೊಂಡು ಪ್ರಯೋಜನವಿಲ್ಲ.

ಎಎಂಡಿ ಪ್ರೊಸೆಸರ್ ನೋಡುವುದಾದರೆ 7ರಿಂದ ಶುರುವಾಗುವ ನಾಲ್ಕಂಕಿಯ ನಂಬರಿನಲ್ಲಿ ಮೂರನೇ ಅಂಕಿ ಗಮನಿಸಿ, ಒಳಗಿನ ವಿನ್ಯಾಸ ಎಷ್ಟು ಹಳೆಯದು ಅಂತ ಅದು ಹೇಳುತ್ತದೆ. ರೈಜನ್ 5 7520ಯು ಮತ್ತು 7530ಯು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. 7530ರ ಒಳಗಿರೋದು ಜೆನ್ 3 ವಿನ್ಯಾಸ. 7520ರಲ್ಲಿ ಇರೋದು ಅದಕ್ಕಿಂತ ಹಳೆಯ ಜೆನ್ 2, ಜೊತೆಗೆ ಅದರಲ್ಲಿ ರ‍್ಯಾಮ್ ಯಾವಾಗಲೂ ಬೆಸುಗೆಯದ್ದೇ.

ಹೊಸದೇ ಆಗಬೇಕು ಅಂತಿಲ್ಲದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಆಫೀಸುಗಳು ಬಳಸಿ ಬಿಟ್ಟ ಇದೇ ಸೀರೀಸಿನವು ಸಿಗುತ್ತವೆ. ಇಂಟೆಲ್ 8ನೇ ತಲೆಮಾರಿಗಿಂತ ಹಳೆಯದು ಮಾತ್ರ ಬೇಡ, ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಅಲ್ಲಿಂದಲೇ ಗೆರೆ ಎಳೆದಿದೆ. ನಿಮ್ಮ ಡೆಸ್ಕ್‌ಟಾಪಿಗೆ 11 ಬರದಿರುವುದೂ ಅದಕ್ಕೇ. ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಎದುರಿಗೇ ವಿಂಡೋಸಿನಿಂದ ಬ್ಯಾಟರಿ ರಿಪೋರ್ಟ್ ತೆಗೆಸಿ. ಡಿಸೈನ್ ಕೆಪಾಸಿಟಿ (ಹೊಸದಿದ್ದಾಗಿನದು) 50,000 ಇದ್ದು ಫುಲ್ ಚಾರ್ಜ್ ಕೆಪಾಸಿಟಿ (ಈಗಿನದು) 25,000ಕ್ಕೆ ಇಳಿದಿದ್ದರೆ ಅರ್ಧ ಜೀವ ಹೋಗಿದೆ ಅಂತ ಲೆಕ್ಕ. ಹೊಸ ಬ್ಯಾಟರಿ ಖರ್ಚು ಕಳೆದು ಚೌಕಾಸಿ ಮಾಡಿ.

ಸ್ನ್ಯಾಪ್‌ಡ್ರ್ಯಾಗನ್ ಚಿಪ್‌ನ ಲ್ಯಾಪ್‌ಟಾಪ್ ನಿಮಗೆ ಬೇಡ ಅಂತ ನನ್ನ ಅಭಿಪ್ರಾಯ. ಇದು ಇಂಟೆಲ್, ಎಎಂಡಿಗಿಂತ ಬೇರೆ ಜಾತಿಯ ಪ್ರೊಸೆಸರ್. ಬ್ಯಾಟರಿ ಚೆನ್ನಾಗಿ ಬರುತ್ತದೆ, ಹಳೇ ಪ್ರೋಗ್ರಾಂಗಳೂ ಸುಮಾರಾಗಿ ಓಡುತ್ತವೆ. ಆದರೆ ಡ್ರೈವರ್ (ಪ್ರಿಂಟರ್ ಥರದ್ದನ್ನು ಓಡಿಸುವ ಪ್ರೋಗ್ರಾಂ) ಅದೇ ಚಿಪ್‌ಗೆ ಮಾಡಿದ್ದೇ ಬೇಕು. ಹತ್ತು ವರ್ಷದ ಹಳೇ ಪ್ರಿಂಟರಿಗೆ ಅದನ್ನು ಯಾರು ಮಾಡಿಕೊಡುತ್ತಾರೆ? ಬಿಲ್ ಪ್ರಿಂಟ್ ಆಗದಿದ್ದರೆ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಏನು ಉಪಯೋಗ?

ವಾರಂಟಿ ವಿಷಯ. 'ಆನ್‌ಸೈಟ್' ಅಂತ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಸರ್ವಿಸ್ ಸೆಂಟರಿಗೆ ನೀವೇ ಹೊರಬೇಕು. ನನಗೆ ಅದು ಪ್ರತಿ ಸಲ ಶಿವಮೊಗ್ಗಕ್ಕೆ ಒಂದು ದಿನದ ಓಡಾಟ. ಮೂರು ವರ್ಷಕ್ಕೆ ವಿಸ್ತರಿಸುವ ದುಡ್ಡು ದಂಡ ಅಲ್ಲ.

ಹಳೇ ಮಾನಿಟರ್, ಕೀಬೋರ್ಡ್, ಮೌಸ್ ಗುಜರಿಗೆ ಹಾಕಬೇಡಿ. ದಿನಾ ನಾಲ್ಕು ಗಂಟೆ ಬಗ್ಗಿ ಲ್ಯಾಪ್‌ಟಾಪಿನಲ್ಲೇ ಟೈಪ್ ಮಾಡಿದರೆ ಕುತ್ತಿಗೆ ಮಾತಾಡಿಸುತ್ತದೆ. ಮಾನಿಟರಿಗೆ ನೀಲಿ ವಿಜಿಎ ಕೇಬಲ್ ಇದ್ದರೆ ಎಚ್‌ಡಿಎಂಐಯಿಂದ ವಿಜಿಎ ಮಾಡುವ ಕನ್ವರ್ಟರ್ ಸಿಗುತ್ತದೆ, ಕೆಲವೇ ನೂರು ರೂಪಾಯಿ. ಹೀಗೆ ಇಡೀ ದಿನ ಪ್ಲಗ್ಗಿನಲ್ಲೇ ಇಡುವುದಾದರೆ ಸೆಟ್ಟಿಂಗಿನಲ್ಲಿ ಚಾರ್ಜ್ 80ಕ್ಕೆ ನಿಲ್ಲುವ ಹಾಗೆ ಮಾಡಿ. ಸದಾ ನೂರರಲ್ಲೇ ಇಟ್ಟ ಬ್ಯಾಟರಿ ಬೇಗ ಸೊರಗುತ್ತದೆ, ಒಮ್ಮೊಮ್ಮೆ ಊದುತ್ತದೆ. ಟಚ್‌ಪ್ಯಾಡ್ ಒತ್ತೋಕೆ ಗಟ್ಟಿಯಾಯಿತು ಅನಿಸಿದರೆ ಅನುಮಾನ ಪಡಿ. ಗುಡುಗು ಶುರುವಾದರೆ ಚಾರ್ಜರ್ ಗೋಡೆಯಿಂದಲೇ ಕಿತ್ತುಬಿಡಿ, ಸ್ವಿಚ್ ಆರಿಸಿದರೆ ಸಾಲದು. ನಮ್ಮ ಮಲೆನಾಡಿನವರಿಗೆ ಇದು ಹೇಳಿಕೊಡಬೇಕಾಗಿಲ್ಲ.

ಇನ್ನು ಫೈಲುಗಳು. ಡೆಸ್ಕ್‌ಟಾಪ್ ಕೆಟ್ಟರೆ ಡಿಸ್ಕ್ ಕಿತ್ತು ಬೇರೆಯದಕ್ಕೆ ಹಾಕಿದರೆ ಆಯಿತು ಅಂತ ನಮಗೆಲ್ಲ ಅಭ್ಯಾಸ. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದ ಕೂಡಲೇ ಡಿಸ್ಕಿಗೆ ತಾನಾಗೇ ಬೀಗ ಬೀಳುವುದು ಜಾಸ್ತಿ. ಆಮೇಲೆ ಡಿಸ್ಕ್ ಕಿತ್ತು ಬೇರೆಯದಕ್ಕೆ ಹಾಕಿದರೆ, ಆ ಬೀಗ ತೆಗೆಯುವ 48 ಅಂಕಿಯ ರಿಕವರಿ ಕೀ ಇಲ್ಲದೆ ಫೈಲು ಕೈಗೆ ಸಿಗಲ್ಲ. ಮೊದಲ ದಿನವೇ ಅಕೌಂಟಿನಿಂದ ಅದನ್ನು ತೆಗೆದು ಲೆಕ್ಕದ ಪುಸ್ತಕದಲ್ಲಿ ಬರೆದಿಡಿ.

ಡೆಸ್ಕ್‌ಟಾಪಿನ ಹಳೇ ಹಾರ್ಡ್ ಡಿಸ್ಕ್ ಚೆನ್ನಾಗಿದ್ದರೆ ಯುಎಸ್‌ಬಿ ಕೇಸಿಂಗಿನಲ್ಲಿ ಹಾಕಿ ಬ್ಯಾಕಪ್‌ಗೆ ಇಟ್ಟುಕೊಳ್ಳಬಹುದು. ಅದು ಮೂರೂವರೆ ಇಂಚಿನದು, 12 ವೋಲ್ಟ್ ಬೇಕು, ಬರೀ ಯುಎಸ್‌ಬಿ ಕೇಬಲ್‌ನಿಂದ ತಿರುಗಲ್ಲ. ಬೇರೆ ಅಡಾಪ್ಟರ್ ಇರುವ ಕೇಸಿಂಗನ್ನೇ ಕೇಳಿ ತನ್ನಿ. ನಾನು ಇಲ್ಲದ್ದು ತಂದು, ಮಾರನೇ ದಿನ ಮತ್ತೆ ಶಿವಮೊಗ್ಗದ ಬಸ್ ಹತ್ತಿದ್ದೆ.