ಅಜ್ಜಿಯ ಬಳೆ ಬ್ರಾಕೆಟ್ಟಿನೊಳಗೆ ಯಾಕೆ?

ನಮಸ್ಕಾರ.

ಅಜ್ಜಿಯ ಬಗ್ಗೆ ನೀವು ಇಂಗ್ಲಿಷಿನಲ್ಲಿ ಬರೆದು ಕಳಿಸಿದ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ವಿಷಯ ತುಂಬಾ ಚೆನ್ನಾಗಿದೆ. ತೊಂದರೆ ಇರುವುದು ವಾಕ್ಯದ ನಡುವೆ ನೀವು ಸೇರಿಸುವ ಮಾತುಗಳಲ್ಲಿ. ನಾಲ್ಕು ಪುಟಕ್ಕೆ 23 ಬ್ರಾಕೆಟ್ ಇವೆ, ಕೂತು ಎಣಿಸಿದೆ.

ಮೊದಲ ಪುಟವನ್ನೇ ನೋಡಿ. 'ಮೈ ಗ್ರ್ಯಾಂಡ್‌ಮದರ್ ಸ್ಟುಡ್ ಅಟ್ ದ ಸ್ಕೂಲ್ ಗೇಟ್' ಅನ್ನುವುದು ವಾಕ್ಯ. ನಿಮ್ಮ ಫೀಸಿಗೆ ಆಕೆ ಬಳೆ ಮಾರಿದ್ದನ್ನು ಗ್ರ್ಯಾಂಡ್‌ಮದರ್ ಪಕ್ಕ ಬ್ರಾಕೆಟ್ ಹಾಕಿ ಅದರೊಳಗೆ ತುರುಕಿದ್ದೀರಿ. ಇಡೀ ಪ್ರಬಂಧದ ಜೀವವೇ ಆ ಬಳೆ, ಅಲ್ವಾ? ಬ್ರಾಕೆಟ್ ಹಾಕಿದರೆ 'ಇದನ್ನು ಬಿಟ್ಟು ಓದಿದರೂ ನಡೆಯುತ್ತೆ' ಅಂತ ನೀವೇ ಹೇಳಿದ ಹಾಗೆ. ಇಸವಿ, ಅಳತೆ, ಊರಿನ ಹಳೇ ಹೆಸರು, ಇಂಥವಕ್ಕೆ ಅದು ಸರಿ. ಬಳೆಯ ಮಾತಿಗೆ ಎರಡೂ ಕಡೆ ಡ್ಯಾಶ್ ಹಾಕಿ. ಓದುವವರು ಅಲ್ಲಿ ಒಂದು ಕ್ಷಣ ನಿಲ್ಲುತ್ತಾರೆ.

ಡ್ಯಾಶ್ ಅಂದರೆ ಹೈಫನ್ ಅಲ್ಲ, ಅದಕ್ಕಿಂತ ಉದ್ದದ್ದು. ಅಮೆರಿಕದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಅಕ್ಕಪಕ್ಕ ಜಾಗ ಬಿಡದೆ ಎಂ ಡ್ಯಾಶ್ ಅನ್ನುವ ಉದ್ದ ಗೆರೆ ಹಾಕುತ್ತಾರೆ. ಬ್ರಿಟನ್ನಿನ ಎಷ್ಟೋ ಪ್ರಕಾಶಕರು ಜಾಗ ಬಿಟ್ಟು, ಸ್ವಲ್ಪ ಗಿಡ್ಡದಾದ ಎನ್ ಡ್ಯಾಶ್ ಹಾಕುತ್ತಾರೆ. ಯಾವುದಾದರೂ ಸರಿ, ಕೊನೆತನಕ ಒಂದೇ ಇರಲಿ. ಸುಮ್ನೆ ಎಲ್ಲ ಕಡೆ ಹಾಕಬೇಡಿ. ಜಾಸ್ತಿಯಾದರೆ ಯಾವುದೂ ಎದ್ದು ಕಾಣುವುದಿಲ್ಲ.

ಇನ್ನು ಕಾಮಾ. 'ಮೈ ಬ್ರದರ್ ಹೂ ಲಿವ್ಸ್ ಇನ್ ಹಾಸನ' ಅಂತ ಕಾಮಾ ಇಲ್ಲದೆ ಬರೆದಿದ್ದೀರಿ. ಅದನ್ನು ಓದಿದವರು ನಿಮಗೆ ಹಲವು ಅಣ್ಣತಮ್ಮಂದಿರಿದ್ದಾರೆ, ಅವರಲ್ಲಿ ಹಾಸನದವರ ಮಾತು ಇದು ಅಂದುಕೊಳ್ಳುತ್ತಾರೆ. ನಿಮಗಿರುವುದು ಒಬ್ಬರೇ ಅಣ್ಣ ಅಂತ ಮೂರನೇ ಪುಟದಲ್ಲಿದೆ. ಹಾಗಾದರೆ 'ಹೂ' ಬರುವ ಮೊದಲು ಒಂದು, 'ಹಾಸನ' ಆದಮೇಲೆ ಒಂದು ಕಾಮಾ ಬೇಕೇ ಬೇಕು. ಕನ್ನಡದಲ್ಲಿ 'ಹಾಸನದಲ್ಲಿರುವ ನಮ್ಮಣ್ಣ' ಅಂದರೆ ಒಬ್ಬರೇ ಇದ್ದರೂ ಸರಿ, ನಾಲ್ವರಿದ್ದರೂ ಸರಿ. ಅದಕ್ಕೇ ಈ ತಪ್ಪು ನಮ್ಮ ಕಣ್ಣಿಗೆ ಬೇಗ ಬೀಳುವುದಿಲ್ಲ.

ಐದು ಕಡೆ ಮೊದಲ ಕಾಮಾ ಹಾಕಿ ಎರಡನೆಯದನ್ನು ಮರೆತಿದ್ದೀರಿ. ನಡುವಿನ ಮಾತನ್ನು ಬಿಟ್ಟು ಜೋರಾಗಿ ಓದಿ ನೋಡಿ. ಉಳಿದದ್ದು ಪೂರ್ತಿ ವಾಕ್ಯವಾಗಿ, ಯಾರ ಅಥವಾ ಯಾವುದರ ಮಾತು ಅನ್ನುವುದೂ ಬದಲಾಗದಿದ್ದರೆ, ಆ ಮಾತು ಶುರುವಾಗುವಲ್ಲಿ ಒಂದು, ಮುಗಿಯುವಲ್ಲಿ ಒಂದು ಗುರುತು ಇರಬೇಕು.

ತಿದ್ದಿ ಮತ್ತೆ ಕಳಿಸಿ, ಕಾಯುತ್ತೇನೆ. ಹಾಗೇ, ಅಜ್ಜಿ ಮಾರಿದ್ದು ಎಷ್ಟು ಬಳೆ, ಚಿನ್ನದ್ದೋ ಬೆಳ್ಳಿಯದೋ, ಎಲ್ಲೂ ಬರೆದಿಲ್ಲ. ಅದೂ ಬರಲಿ.