ಪುರಾತತ್ವ ಎಂ.ಎ.ಗೆ ಹೊರರಾಜ್ಯಕ್ಕೆ ಹೋದರೆ ಕನ್ನಡ ಮಾಧ್ಯಮದವರು ಒಂಟಿಯಾಗ್ತಾರಾ?

ಆಗ್ತೀರಿ. ಮೊದಲ ಉತ್ಖನನದ ಕ್ಯಾಂಪ್ ಬರೋ ತನಕ.

ನಾನು ಬಳ್ಳಾರಿ ಕಡೆಯವಳು, ಬಿ.ಎ.ವರೆಗೂ ಕನ್ನಡ ಮಾಧ್ಯಮ. ಎಂ.ಎ. ಮಾಡಿದ್ದು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ. ಹೆಸರಿಗೆ ಕಾಲೇಜು, ಈಗ ಅದು ಡೀಮ್ಡ್ ವಿಶ್ವವಿದ್ಯಾಲಯ. ಧಾರವಾಡ, ಮೈಸೂರಿನ ವಿಭಾಗಗಳ ಬಗ್ಗೆ ಅಲ್ಲಿ ಓದಿದವರೇ ಹೇಳಲಿ, ನಾನು ಕಂಡಿದ್ದು ಇದೊಂದೇ.

ಮೊದಲ ಎರಡು ತಿಂಗಳು ನಾನು ಬಾಯಿ ಬಿಡಲಿಲ್ಲ. ಪಾಠ ಇಂಗ್ಲಿಷಿನಲ್ಲಿ, ಹೊರಗೆ ಮಾತು ಮರಾಠಿ, ಹಿಂದಿ, ಬಂಗಾಳಿ. ಒಂದು ದಿನ ನವಶಿಲಾಯುಗದ ಪಾಠದಲ್ಲಿ ಪರದೆ ಮೇಲೆ ಗ್ರಾನೈಟ್ ಬಂಡೆಗಳ ಗುಡ್ಡವೊಂದು ಬಂತು. ಸಂಗನಕಲ್ಲು! ಬಳ್ಳಾರಿ ಪೇಟೆಗೆ ಹೋಗುವಾಗೆಲ್ಲ ಬಸ್ಸಿನ ಕಿಟಕಿಯಿಂದ ನೋಡಿದ ಗುಡ್ಡ. ಡೆಕ್ಕನ್ ಕಾಲೇಜಿನಲ್ಲಿ 1939ರಿಂದ ಪುರಾತತ್ವ ಕಟ್ಟಿ ಬೆಳೆಸಿದ ಎಚ್.ಡಿ. ಸಾಂಕಳಿಯಾ ಅವರ ಶಿಷ್ಯ ಸುಬ್ಬರಾವ್ ಅಲ್ಲಿ ಅಗೆದು 1948ರಲ್ಲಿ ಪುಸ್ತಕ ಬರೆದಿದ್ದರು. ನಮ್ಮ ತೆಕ್ಕಲಕೋಟೆಯನ್ನು 1960ರ ದಶಕದಲ್ಲಿ ಅಗೆದ ಎಂ.ಎಸ್. ನಾಗರಾಜರಾವ್ ಅವರೂ ಇದೇ ಕಾಲೇಜಿನವರು. ಊರಲ್ಲಿ ಇಪ್ಪತ್ತು ವರ್ಷ ಇದ್ದರೂ ನನಗೆ ಇದ್ಯಾವುದೂ ಗೊತ್ತಿರಲಿಲ್ಲ.

ಆಮೇಲೆ ಬೂದಿಗುಡ್ಡೆಗಳ ಮಾತು ಬಂತು. ಹಂಪಿ ಹತ್ತಿರದ ನಿಂಬಾಪುರದ್ದನ್ನು ವಾಲಿಯನ್ನು ಸುಟ್ಟ ಜಾಗ ಅಂತ ನಮ್ಮ ಜನ ಹೇಳ್ತಾರಲ್ಲ, ಅಂಥವು. ಅವು ದನ ಸಾಕುತ್ತಿದ್ದವರ ಸಗಣಿ ರಾಶಿ, ಮತ್ತೆ ಮತ್ತೆ ಬೆಂಕಿ ಬಿದ್ದು ಕೆಲವು ಕಡೆ ಗಾಜಿನ ಹಾಗೆ ಕರಗಿವೆ. ಕೋಲ್ಕತಾದ ಹುಡುಗನೊಬ್ಬ ಸಗಣಿಗೆ ಅಷ್ಟು ಕಾವು ಎಲ್ಲಿಂದ ಬರುತ್ತೆ ಅಂತ ಕೇಳಿದ. ನನಗೆ ನಗು ಬಂತು. ಕುಂಬಾರರು ಕುಳ್ಳು ಒಟ್ಟಿ ಆವಿಗೆ ಸುಡೋದು, ತಿಪ್ಪೆ ಒಳಗೊಳಗೇ ದಿನಗಟ್ಟಲೆ ಹೊಗೆಯಾಡೋದು, ಇದನ್ನೆಲ್ಲ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಮೆಸ್ಸಿನಲ್ಲಿ ಅವತ್ತು ಪಕ್ಕದಲ್ಲಿ ಬಂದು ಕೂತವರು ಮೂವರು.

ಡಿಸೆಂಬರಿನಲ್ಲಿ ಕ್ಯಾಂಪ್. ಮಹಾರಾಷ್ಟ್ರದ ಒಂದು ಹಳ್ಳಿ, ಟೆಂಟು, ಬೆಳಿಗ್ಗೆ ಕೈ ಕೊರೆಯೋ ಚಳಿ. ಟ್ರೆಂಚಿನಲ್ಲಿ, ಅಂದರೆ ಅಗೆಯೋ ಗುಂಡಿಯಲ್ಲಿ, ಕೂತು ಚಿನ್ನದ ನಾಣ್ಯ ತೆಗೀತೀನಿ ಅಂದುಕೊಂಡು ಹೋಗಬೇಡಿ. ಹೊಸಬರ ಪಾಲಿಗೆ ಬರೋದು ಬೋಕಿ. ಚಿಕ್ಕವರಿದ್ದಾಗ ಕುಂಟೆಬಿಲ್ಲೆ ಆಡುತ್ತಿದ್ದ ಅದೇ ಮಡಕೆ ಚೂರು, ಬುಟ್ಟಿಗಟ್ಟಲೆ. ಹಲ್ಲುಜ್ಜೋ ಬ್ರಷ್ಷಿನಲ್ಲಿ ತೊಳೆಯಬೇಕು, ನೆರಳಲ್ಲಿ ಒಣಗಿಸಬೇಕು, ಒಳಮೈ ಮೇಲೆ ಸಣ್ಣ ನಿಬ್ಬಿನಿಂದ ಊರಿನ ಸಂಕೇತ, ವರ್ಷ, ಟ್ರೆಂಚು, ಲೇಯರು (ಮಣ್ಣಿನ ಪದರ) ಬರೆಯಬೇಕು, ಅದು ಅಳಿಸದ ಹಾಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯಬೇಕು. (ಇಡೀ ಬ್ಯಾಚಿನಲ್ಲಿ ನೇಲ್ ಪಾಲಿಶ್ ಜಾಸ್ತಿ ಖರ್ಚು ಮಾಡಿದ್ದು ಹುಡುಗರು.) ಆಮೇಲೆ ನೆಲದ ಮೇಲೆ ಚೌಕ ಎಳೆದು ಲೇಯರಿಗೊಂದರಂತೆ ಹರಡೋದು, ಅದಕ್ಕೆ ಪಾಟರಿ ಯಾರ್ಡ್ ಅಂತಾರೆ. ದಿನಕ್ಕೆ ನಾಲ್ಕೈದು ಗಂಟೆ ಬಕೆಟ್ಟಿನ ಸುತ್ತ ಕೂತವರು ಎಷ್ಟು ಹೊತ್ತು ಸುಮ್ಮನಿರ್ತಾರೆ? ಯಾರಿಗೆ ಮನೆಯಲ್ಲಿ ಮದುವೆ ಒತ್ತಾಯ, ಯಾರಿಗೆ ಫೀಸಿನ ಚಿಂತೆ, ಎಲ್ಲ ಗೊತ್ತಾಗಿದ್ದು ಅಲ್ಲೇ. ನನ್ನ ಇಂಗ್ಲಿಷು ಸುಧಾರಿಸಿದ್ದೂ ಅಲ್ಲೇ. ಯಾರೂ ಮುಖ ನೋಡಲ್ಲ, ಎಲ್ಲರ ಕಣ್ಣು ಬಕೆಟ್ಟಿನೊಳಗೆ.

ಮೂರನೇ ದಿನ ನಾನು ಎರಡು ಲೇಯರಿನ ಚೀಲ ಒಂದೇ ಬಕೆಟ್ಟಿಗೆ ಸುರಿದುಬಿಟ್ಟೆ. ಲೇಯರು ಬೆರೆತರೆ ಯಾವುದು ಹಿಂದಿನದು, ಯಾವುದು ಮುಂದಿನದು ಹೇಳೋಕಾಗಲ್ಲ, ಅಷ್ಟೂ ಎಣಿಕೆಗೆ ಬಾರದ ಹಾಗಾಯಿತು. ಅವತ್ತು ರಾತ್ರಿ ಊಟ ಬೇಡ ಅಂತ ಟೆಂಟಿನಲ್ಲೇ ಕೂತೆ. ಸೀನಿಯರುಗಳು ತಟ್ಟೆ ಹಿಡಿದು ಒಳಗೇ ಬಂದು ಒಬ್ಬೊಬ್ಬರಾಗಿ ತಮ್ಮ ಪಾಪ ಒಪ್ಪಿಸಿದರು. ಒಬ್ಬಳು ಮಣಿಯನ್ನು ಗುದ್ದಲಿಯಲ್ಲಿ ಒಡೆದಿದ್ದಳಂತೆ. ಇನ್ನೊಬ್ಬ ಸೆಕ್ಷನ್ ಚಿತ್ರ (ಟ್ರೆಂಚಿನ ಗೋಡೆಯಲ್ಲಿ ಕಾಣೋ ಪದರಗಳ ಚಿತ್ರ) ಬರೆದು ಮುಗಿಸೋ ಮೊದಲೇ ಅಂಚು ತುಳಿದು ಗೋಡೆ ಕೆಡವಿದ್ದನಂತೆ.

ಕೂಲಿಗೆ ಬರುವ ಹೆಂಗಸರನ್ನು ಮರೆಯಬೇಡಿ. ಮೆತ್ತನೆ ಮಣ್ಣಿನ ಕೆಳಗೆ ಸಾರಿಸಿದ ನೆಲ ಸಿಕ್ಕಿದ್ದನ್ನು ನಮಗಿಂತ ಮೊದಲು ಅವರ ಕೈ ಗುರುತಿಸುತ್ತಿತ್ತು. ನನಗೆ ಮರಾಠಿ ಕಲಿಸಿದವರೂ ಅವರೇ.

ಕೆಲಸದ ವಿಷಯ ಕೇಳಿಲ್ಲ ನೀವು, ಆದರೂ ಹೇಳ್ತೀನಿ: ಹುದ್ದೆ ಕಡಿಮೆ, ಕಾಯೋದು ಜಾಸ್ತಿ. ಕಾಲೇಜಿನಲ್ಲಿ ಪಾಠ ಮಾಡೋಕೆ ಅರ್ಹತಾ ಪರೀಕ್ಷೆ ಎನ್‌ಇಟಿ (ನೆಟ್) ಬರೀಬೇಕಾಗುತ್ತೆ. ಮನೆಯವರಿಗೆ ಇದನ್ನು ಮೊದಲೇ ತಿಳಿಸಿ.

ಹಳಗನ್ನಡ ಒಂದಿಷ್ಟು ಓದಿಕೊಂಡಿದ್ದರೆ ಬಿಡಬೇಡಿ. ದಕ್ಷಿಣ ಮಹಾರಾಷ್ಟ್ರದ ಹಳೇ ಗುಡಿಗಳಲ್ಲೂ ಕನ್ನಡ ಶಾಸನಗಳಿವೆ. ಪ್ರವಾಸದಲ್ಲಿ ಅಂಥ ಒಂದು ಕಲ್ಲಿನ ಮುಂದೆ ಬ್ಯಾಚಿನವರೆಲ್ಲ ನನ್ನನ್ನು ಮುಂದಕ್ಕೆ ದಬ್ಬಿದರು. ಶಾಸನ ಶುರುವಾಗೋ ‘ಸ್ವಸ್ತಿ’ ಆದಮೇಲೆ ಎರಡು ಸಾಲು ಮಾತ್ರ ಓದೋಕೆ ಬಂತು, ಚಪ್ಪಾಳೆ ಮಾತ್ರ ಜೋರಾಗೇ ತಟ್ಟಿದರು.