ಇಷ್ಟದ ಹಾಡು ಬಂದಾಗ ಫೋನ್ ಎತ್ತಬಹುದಾ?

ಪ್ರಶ್ನೆ: ಇತ್ತೀಚೆಗೆ ಒಂದು ಲೈವ್ ಸಂಗೀತ ಕಾರ್ಯಕ್ರಮಕ್ಕೆ ಹೋಗಿದ್ದೆ. ಇಷ್ಟದ ಹಾಡು ಶುರುವಾಯಿತು ಅಂತ ಫೋನ್ ಎತ್ತಿ ರೆಕಾರ್ಡ್ ಮಾಡಿದೆ. ಹಿಂದೆ ಕೂತವರು ಸಿಟ್ಟಾದರು. ಪಕ್ಕದವರು ಮಾತ್ರ ಇಡೀ ಹೊತ್ತು ಮಾತಾಡುತ್ತಲೇ ಇದ್ದರು, ಅವರನ್ನು ಯಾರೂ ಕೇಳಲಿಲ್ಲ. ನಾನು ಮಾಡಿದ್ದು ತಪ್ಪಾ?

ಉತ್ತರ: ಆಸೆ ತಪ್ಪಲ್ಲ. ಆದರೆ ಹಿಂದೆ ಕೂತವರೂ ದುಡ್ಡು ಕೊಟ್ಟೇ ಬಂದಿರುತ್ತಾರೆ, ಅಲ್ವಾ? ಕತ್ತಲಲ್ಲಿ ತಲೆಯ ಮೇಲೆ ಬೆಳಗುವ ಒಂದು ಪರದೆ ಸಾಕು, ಹಿಂದಿನವರ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಇಂಥ ಕಾರ್ಯಕ್ರಮಗಳಲ್ಲಿ ಸೌಂಡ್ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಇನ್ನೊಂದು ಮಾತು ಹೇಳಲೇಬೇಕು. ಜೋರು ಸದ್ದನ್ನು ಫೋನಿನ ಪುಟ್ಟ ಮೈಕ್ ತಡೆದುಕೊಳ್ಳುವುದು ಕಷ್ಟ. ಡ್ರಮ್ಮು, ಬೇಸ್ ಜೋರಾದ ಕಡೆ ದನಿ ಒಡೆದು ಗರಗರ ಅನ್ನುತ್ತದೆ. ಎಷ್ಟೋ ವಿಡಿಯೊಗಳಲ್ಲಿ ಗಾಯಕರಿಗಿಂತ ಪಕ್ಕದವರ ಶಿಳ್ಳೆಯೇ ಜಾಸ್ತಿ ಕೇಳುತ್ತದೆ.

ನೆನಪಿಗೆ ಬೇಕೇ ಬೇಕು ಅಂದರೆ ಮೊದಲು ಅನುಮತಿ ಇದೆಯಾ ನೋಡಿ. ಕೆಲವು ಕಲಾವಿದರು ಬಾಗಿಲಲ್ಲೇ ಫೋನನ್ನು ಬೀಗದ ಚೀಲಕ್ಕೆ ಹಾಕಿಸುತ್ತಾರೆ. ಚೀಲ ನಿಮ್ಮ ಕೈಯಲ್ಲೇ ಇರುತ್ತದೆ, ತೆರೆಯಲು ಮಾತ್ರ ಆಗದು. ಅಂಥ ಕಟ್ಟುಪಾಡು ಇಲ್ಲದಿದ್ದರೆ ಪರದೆಯ ಬೆಳಕು ತಗ್ಗಿಸಿ, ಫೋನನ್ನು ಎದೆಯ ಮಟ್ಟದಲ್ಲೇ ಹಿಡಿದು, ಅರ್ಧ ನಿಮಿಷ ತೆಗೆದು ಜೇಬಿಗಿಡಿ. ಫ್ಲ್ಯಾಶ್ ಖಂಡಿತ ಬೇಡ. ಅದರ ಬೆಳಕು ಕೆಲವೇ ಮೀಟರ್ ಹೋಗುತ್ತದೆ. ವೇದಿಕೆ ಬೆಳಗುವುದಿಲ್ಲ, ಮುಂದಿನವರ ತಲೆ ಬೆಳಗುತ್ತದೆ ಅಷ್ಟೆ.

ಇನ್ನು ಮಾತು. ನನ್ನ ಮಟ್ಟಿಗೆ ಫೋನಿಗಿಂತ ದೊಡ್ಡ ತೊಂದರೆ ಇದೇ. ಅಬ್ಬರದ ಹಾಡಿನಲ್ಲಿ ಮಾತು ಮುಳುಗಿ ಹೋಗುತ್ತದೆ. ಒಂದು ಗಿಟಾರ್, ಒಂದು ಮೆಲುದನಿ ಇರುವ ಹಾಡಿನಲ್ಲಿ ಪಿಸುಮಾತೂ ಮೂರು ಸಾಲು ದಾಟುತ್ತದೆ. ಆಗ ಎಲ್ಲರೂ ಸೌಂಡಿನವರ ಕಡೆ ತಿರುಗಿ 'ಜಾಸ್ತಿ ಮಾಡಿ' ಅಂತ ಕೈ ಮಾಡುತ್ತಾರೆ. ಒಂದು ಮಿತಿ ದಾಟಿ ಏರಿಸಿದರೆ ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೋಗಿ ಕುಂಯ್ ಎಂದು ಕೂಗತೊಡಗುತ್ತದೆ. ಆ ಹಾಡನ್ನು ಉಳಿಸುವುದು ನನ್ನ ಕೈಯಲ್ಲಿಲ್ಲ, ಕೂತವರ ಕೈಯಲ್ಲಿದೆ. ಪಕ್ಕದವರಿಗೆ ಎರಡು ಹಾಡುಗಳ ನಡುವೆ ನಗುತ್ತಾ ಒಮ್ಮೆ ಹೇಳಿ: "ಸ್ವಲ್ಪ ಕೇಳಿಸ್ತಾ ಇಲ್ಲ." ಬಹಳಷ್ಟು ಜನ ಸುಮ್ಮನಾಗುತ್ತಾರೆ. ಆಗದಿದ್ದರೆ ಜಗಳ ಬೇಡ, ಅಲ್ಲಿನ ಸಿಬ್ಬಂದಿಗೆ ತಿಳಿಸಿ.

ಪ್ರಶ್ನೆ: ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಲು ಹೋಗಿ, ಸಂಗೀತ ನಿಂತಿತು ಅಂತ ಚಪ್ಪಾಳೆ ತಟ್ಟಿದೆ. ಇಡೀ ಹಾಲ್‌ನಲ್ಲಿ ನಾನೊಬ್ಬಳೇ! ಯಾವಾಗ ತಟ್ಟಬೇಕು?

ಉತ್ತರ: ನಾಚಿಕೆ ಬೇಡ. ಸಿಂಫನಿಯಲ್ಲಿ, ಅಂದರೆ ದೊಡ್ಡ ವಾದ್ಯವೃಂದ ನುಡಿಸುವ ಉದ್ದನೆಯ ಕೃತಿಯಲ್ಲಿ, ಸಾಮಾನ್ಯವಾಗಿ ನಾಲ್ಕು ಭಾಗ ಇರುತ್ತವೆ. ಒಂದು ಭಾಗ ಮುಗಿದಾಗ ಸಂಗೀತ ಸಾಮಾನ್ಯವಾಗಿ ಸ್ವಲ್ಪ ನಿಲ್ಲುತ್ತದೆ. ನಡುನಡುವೆ ಸುಮ್ಮನಿದ್ದು ಕೊನೆಗೆ ತಟ್ಟುವುದು ಈಗಿನ ರೂಢಿ. ಹಿಂದೆ ಹೀಗಿರಲಿಲ್ಲ. 1778ರಲ್ಲಿ ಪ್ಯಾರಿಸ್‌ನಲ್ಲಿ ಸಂಗೀತ ರಚನಕಾರ ಮೊಝಾರ್ಟ್ ಅವರ ಸಿಂಫನಿ ನುಡಿಸುತ್ತಿರುವಾಗಲೇ ಜನ ನಡುವೆ ಚಪ್ಪಾಳೆ ತಟ್ಟಿದರು. ಮೊಝಾರ್ಟ್ ಅದನ್ನು ಖುಷಿಯಿಂದ ತಮ್ಮ ತಂದೆಗೆ ಪತ್ರದಲ್ಲಿ ಬರೆದರು. ನಿಮ್ಮ ಚಪ್ಪಾಳೆಯೂ ಖುಷಿಯಿಂದಲೇ ಬಂದದ್ದು.

ಮುಂದಿನ ಸಲ ಕಂಡಕ್ಟರ್ ಕಡೆ, ಅಂದರೆ ಎದುರು ನಿಂತು ಕೈಸನ್ನೆಯಲ್ಲಿ ವಾದ್ಯವೃಂದವನ್ನು ನಡೆಸುವವರ ಕಡೆ, ನೋಡುತ್ತಿರಿ. ಕೊನೆಯ ಸ್ವರ ನಿಂತ ಮೇಲೂ ಅವರ ಕೈ ಮೇಲೇ ಇದ್ದರೆ ಕಾಯಿರಿ. ಕೈ ಪೂರ್ತಿ ಇಳಿಸಿ ನಿಮ್ಮ ಕಡೆ ತಿರುಗಿದಾಗ ಮನಸಾರೆ ತಟ್ಟಿ.